ಬಾಳೆಹಣ್ಣಿಗೆ ಸಾವಿರ ವ್ಯಾಟ್ ಯಾಕೆ?

ಮಿಕ್ಸಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ವ್ಯಾಟ್ ಎಷ್ಟು ಎಂದು. 500 ಎಂದರೆ ಮುಖ ಸಪ್ಪಗಾಗುತ್ತದೆ. 750 ಎಂದರೆ ನೋಡೋಣ ಅನ್ನುತ್ತಾರೆ. 1,000 ಎಂದ ಕೂಡಲೇ ಬೇರೆ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ಕಂಪಲಾಪುರ, ಪಿರಿಯಾಪಟ್ಟಣ, ಹುಣಸೂರಿನ ಮನೆಗಳಿಗೆ ಹೀಗೆ ದೊಡ್ಡ ಮಿಕ್ಸಿಗಳು ಬರುತ್ತವೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಆನ್‌ಲೈನ್‌ನಲ್ಲಿ ತರಿಸಿ ಕಳಿಸುವುದೂ ಉಂಟು. ಜೊತೆಗೆ ಫೋನಿನಲ್ಲಿ ಒಂದು ಉಪದೇಶವೂ ಬರುತ್ತದೆ: ‘ಅವ್ವ, ದಿನಾ ಬೆಳಿಗ್ಗೆ ಹಣ್ಣು, ಹಾಲು ಹಾಕಿ ಸ್ಮೂದಿ ಮಾಡ್ಕೊಂಡು ಕುಡೀರಿ. ಸುಸ್ತಾಗಲ್ಲ, ಶುಗರ್ರೂ ಹತೋಟಿಗೆ ಬರುತ್ತೆ.’

ಮಕ್ಕಳ ಕಾಳಜಿ ನಿಜವಾದದ್ದು. ಆದರೆ ಅದು ನಿಂತಿರುವ ಎರಡು ನಂಬಿಕೆಗಳನ್ನು ನಾನು ಒಪ್ಪುವುದಿಲ್ಲ. ವ್ಯಾಟ್ ಹೆಚ್ಚಿದಷ್ಟೂ ಯಂತ್ರ ಒಳ್ಳೆಯದು ಎಂಬುದು ಮೊದಲನೆಯದು. ಬಲವಾದ ಯಂತ್ರ ಇರುವುದೇ ಹಣ್ಣಿನ ಸ್ಮೂದಿಗಾಗಿ ಎಂಬುದು ಎರಡನೆಯದು. ಬಲವಾದ ಮಿಕ್ಸಿ ನಮ್ಮ ಅಡುಗೆಮನೆಗೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಬಲ ಬೇಕಿರುವುದು ರಾಗಿಗೆ, ಎಳ್ಳಿಗೆ, ಕಾಳಿಗೆ, ಸೊಪ್ಪಿಗೆ. ಹಣ್ಣಿಗೆ ಅದು ಬೇಡ. ಹಣ್ಣಿನ ಹೆಸರಿನಲ್ಲಿ ಯಂತ್ರ ಮಾರುವವರು ಅದರ ಅತಿ ಸುಲಭದ ಕೆಲಸವನ್ನು ತೋರಿಸಿ ದುಡ್ಡು ಕೇಳುತ್ತಿದ್ದಾರೆ.

ಬಾಳೆಹಣ್ಣನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸ್ಮೂದಿಗೆ ಮೊದಲು ಬೀಳುವುದು ಅದೇ. ಹದವಾಗಿ ಕಳಿತ ಏಲಕ್ಕಿ ಬಾಳೆಯಾಗಲಿ, ಪಚ್ಚಬಾಳೆಯಾಗಲಿ, ಬೆರಳಲ್ಲಿ ಕಿವುಚಿದರೆ ಬೆಣ್ಣೆಯಂತಾಗುತ್ತದೆ. ಹಾಲು, ಬೆಲ್ಲ, ಏಲಕ್ಕಿಪುಡಿ ಸೇರಿಸಿ ಕಿವುಚಿದರೆ ರಸಾಯನ. ಉತ್ತರ ಕರ್ನಾಟಕದವರು ಇದನ್ನೇ ಸೀಕರಣೆ ಅನ್ನುತ್ತಾರೆ. ಇದಕ್ಕೆ ಕರೆಂಟೇ ಬೇಕಿಲ್ಲ. ಪರಂಗಿ, ಸಪೋಟ, ಮಾವು, ಸೀತಾಫಲ ಕೂಡ ಹಾಗೆಯೇ. ಅವುಗಳ ತಿರುಳಿನ ಗೋಡೆಗಳು ಹಣ್ಣಾಗುವಾಗಲೇ ಸಡಿಲಗೊಂಡಿರುತ್ತವೆ. ಹತ್ತು ವರ್ಷದ ಹಳೆಯ 500 ವ್ಯಾಟ್ ಮಿಕ್ಸಿ ಕೂಡ ಅರ್ಧ ನಿಮಿಷದಲ್ಲಿ ಇವನ್ನು ನುಣ್ಣಗೆ ಮಾಡುತ್ತದೆ. ಅಲ್ಲಿ 1,000 ವ್ಯಾಟ್ ಯಂತ್ರ ಹೆಚ್ಚು ಮಾಡುವುದು ಸದ್ದು ಮತ್ತು ನೊರೆ, ಅಷ್ಟೇ.

ಹಾಗಾದರೆ ಹಣ್ಣಿಗೂ ಬಲಕ್ಕೂ ಗಂಟು ಬಿದ್ದದ್ದು ಎಲ್ಲಿ? ಅಮೆರಿಕದಲ್ಲಿ. ಅಲ್ಲಿನ ಅಡುಗೆಮನೆಯಲ್ಲಿ ಸ್ಮೂದಿಗೆ ಬೀಳುವ ಹಣ್ಣು ಬರುವುದು ಬಹುಪಾಲು ಫ್ರೀಜರ್‌ನಿಂದ. ಸ್ಟ್ರಾಬೆರಿ, ಬ್ಲೂಬೆರಿ, ಹೆಚ್ಚಿಟ್ಟ ಬಾಳೆಹಣ್ಣು, ಎಲ್ಲವೂ ಕಲ್ಲಿನ ಹಾಗೆ ಗಟ್ಟಿ, ಮೇಲೆ ಒಂದು ಹಿಡಿ ಐಸು. ಅದನ್ನು ಪುಡಿಮಾಡಲು ಭಾರಿ ಮೋಟಾರು ಬೇಕೇ ಬೇಕು. ನಮ್ಮ ಹಣ್ಣು ಬರುವುದು ತೋಟದಿಂದ, ಸಂತೆಯಿಂದ, ಅಂಗಳದ ಗಿಡದಿಂದ. ಮಂಜುಗಟ್ಟಿದ ಹಣ್ಣಿಗಾಗಿ ಹುಟ್ಟಿದ ಅಗತ್ಯವನ್ನು ಬಿಸಿಲಲ್ಲಿ ಕಳಿತ ಹಣ್ಣಿಗೆ ಹೊರಿಸಿರುವುದು ಇಲ್ಲಿನ ಜಾಹೀರಾತುಗಳ ಮೂಲ ತಪ್ಪು.

ಇನ್ನೊಂದು ಸಂಗತಿ ಈ ಇತಿಹಾಸದಲ್ಲಿದೆ, ಅದನ್ನು ಯಾರೂ ಹೇಳುವುದಿಲ್ಲ. 1922ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರೆಸೀನ್ ಊರಿನಲ್ಲಿ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ ಜಾರಿನ ತಳದಲ್ಲಿ ಬ್ಲೇಡು ತಿರುಗುವ ಯಂತ್ರ ರೂಪಿಸಿದ್ದು ಹಣ್ಣಿಗಾಗಿ ಅಲ್ಲ. ಮೊಳಕೆ ಕಟ್ಟಿದ ಧಾನ್ಯದಿಂದ ಮಾಡಿದ ಮಾಲ್ಟ್ ಪುಡಿಯನ್ನು ಹಾಲಿಗೆ ಬೆರೆಸಿ ಅಂಗಡಿಗಳಲ್ಲಿ ಮಾರುತ್ತಿದ್ದರಲ್ಲ, ಅದಕ್ಕಾಗಿ. ವಾದ್ಯವೃಂದದ ನಾಯಕ ಫ್ರೆಡ್ ವೇರಿಂಗ್ ಬ್ಲೆಂಡರನ್ನು ಮಾರುಕಟ್ಟೆಗೆ ತಂದದ್ದೂ, ಬಾರ್ನಾರ್ಡ್ ಕುಟುಂಬದ ವೈಟಾಮಿಕ್ಸ್ ತನ್ನ ಮೊದಲ ಬ್ಲೆಂಡರ್ ಹೊರತಂದದ್ದೂ ಆಮೇಲೆ, 1937ರಲ್ಲಿ. ಅಂದರೆ ಈ ಯಂತ್ರದ ಮೊದಲ ಕೆಲಸ ಮಾಲ್ಟು. ನಮ್ಮ ಶಾಲೆಗಳಲ್ಲಿ 2024ರ ಫೆಬ್ರವರಿಯಿಂದ ಹಾಲಿನ ಜೊತೆ ಕೊಡುತ್ತಿರುವ ರಾಗಿ ಮಾಲ್ಟ್ ಆ ಮೂಲಕ್ಕೆ ಇಂದಿನ ಹಣ್ಣಿನ ಸ್ಮೂದಿಗಿಂತ ಹತ್ತಿರ.

ನಮ್ಮ ಮಿಕ್ಸಿಯ ಕಥೆಯೂ ಇದನ್ನೇ ಹೇಳುತ್ತದೆ. ಮುಂಬೈಯಲ್ಲಿ ಸೀಮೆನ್ಸ್ ಕಂಪನಿಯ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಪತ್ನಿ ಮಾಧುರಿಯವರ ಜರ್ಮನ್ ಮಿಕ್ಸರ್ ಸುಟ್ಟುಹೋಯಿತು. ಐರೋಪ್ಯ ಅಡುಗೆಗೆ ಮಾಡಿದ ಆ ಮೋಟಾರು ನಮ್ಮ ರುಬ್ಬುವ ಕೆಲಸವನ್ನು ತಡೆದುಕೊಳ್ಳಲಿಲ್ಲ. ಆಗ ಮಾಥುರ್ ತಾವೇ ಮೋಟಾರು ವಿನ್ಯಾಸ ಮಾಡಿದರು, 1963ರಲ್ಲಿ ಕಂಪನಿ ಕಟ್ಟಿದರು. ಅದರಿಂದ ಬಂದದ್ದು ಸುಮೀತ್ ಮಿಕ್ಸಿ. 1978ರಲ್ಲಿ ಚೆನ್ನೈಯಲ್ಲಿ ಪ್ರೀತಿ ಕಂಪನಿ ಶುರುವಾಯಿತು. ಈ ಯಂತ್ರಗಳ ಬಲ ಹುಟ್ಟಿದ್ದು ನೆನೆದ ಉದ್ದಿನಬೇಳೆ, ಒಣ ಅರಿಶಿನ, ಕೊಬ್ಬರಿ, ಕೊತ್ತಂಬರಿ ಬೀಜದ ಎದುರು. ಚಿಕ್ಕ ಸ್ಟೀಲ್ ಜಾರು, ತಳಕ್ಕೆ ಅಂಟಿದಂತಿರುವ ಬ್ಲೇಡು, ಒಂದು ಹಿಡಿ ತೆಂಗಿನತುರಿಯನ್ನೂ ಬಿಡದೆ ಹಿಡಿಯುವ ಗುಂಡನೆಯ ತಳ, ಇವೆಲ್ಲ ಆ ಅನುಭವದಿಂದ ಬಂದವು. ಎರಡು ಲೀಟರಿನ ಎತ್ತರದ ಜಾರಿರುವ ವಿದೇಶಿ ಬ್ಲೆಂಡರಿನಲ್ಲಿ ನಾಲ್ಕು ಜನಕ್ಕೆ ಚಟ್ನಿ ರುಬ್ಬಲು ಹೋಗಿ ನೋಡಿ. ಕಾಯಿ ಗೋಡೆಗೆ ಹತ್ತಿಕೊಂಡು ಬ್ಲೇಡು ಬರಿದೇ ತಿರುಗುತ್ತದೆ. ಅಮೆರಿಕಕ್ಕೆ ಹೋದ ಕನ್ನಡ ಕುಟುಂಬಗಳು ಅಷ್ಟೊಂದು ಯಂತ್ರಗಳ ನಡುವೆ ಇದ್ದೂ 110 ವೋಲ್ಟಿನ ನಮ್ಮ ಮಿಕ್ಸಿಯನ್ನು ಹುಡುಕಿ ಕೊಳ್ಳುವುದು ಅಭಿಮಾನಕ್ಕಾಗಿ ಮಾತ್ರವಲ್ಲ, ಮಸಾಲೆ ಅರೆಯಲೇಬೇಕಲ್ಲ ಎಂಬ ಕಾರಣಕ್ಕೆ.

ಈಗ ವ್ಯಾಟಿನ ಮಾತು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ, ಯಂತ್ರ ಕರೆಂಟಿನಿಂದ ಎಳೆದುಕೊಳ್ಳುವ ಶಕ್ತಿ. ಬ್ಲೇಡಿಗೆ ತಲುಪುವ ಶಕ್ತಿ ಅದಲ್ಲ. ನಡುವೆ ಒಂದು ದೊಡ್ಡ ಪಾಲು ತಂತಿಯ ಬಿಸಿಯಾಗಿ, ಕಾರ್ಬನ್ನಿನ ಉಜ್ಜಾಟವಾಗಿ, ಫ್ಯಾನಿನ ಗಾಳಿಯಾಗಿ, ಸದ್ದಾಗಿ ಹೋಗುತ್ತದೆ. ಕಳಪೆ ತಂತಿ ಸುತ್ತಿದ 1,000 ವ್ಯಾಟಿನ ಮೋಟಾರಿಗಿಂತ ಒಳ್ಳೆಯ ತಾಮ್ರದ 750 ವ್ಯಾಟಿನ ಮೋಟಾರು ಬ್ಲೇಡಿಗೆ ಹೆಚ್ಚು ಬಲ ಕೊಡಬಲ್ಲದು. ವಿದೇಶಿ ಬ್ಲೆಂಡರುಗಳಲ್ಲಿ ವ್ಯಾಟಿನ ಬದಲು ಕುದುರೆಶಕ್ತಿ ಬರೆದಿರುತ್ತಾರೆ. ಅದು ಇನ್ನೂ ದಾರಿ ತಪ್ಪಿಸುತ್ತದೆ. ಒಂದು ಕುದುರೆಶಕ್ತಿ ಎಂದರೆ 746 ವ್ಯಾಟ್. 3 ಕುದುರೆಶಕ್ತಿ ಎಂದು ಬರೆದರೆ 2,238 ವ್ಯಾಟ್ ಆಯಿತು. ಅಮೆರಿಕದ ಮನೆಯ ಸಾಮಾನ್ಯ ಪ್ಲಗ್ಗು ಕೊಡಬಲ್ಲದ್ದು 120 ವೋಲ್ಟಿಗೆ 15 ಆಂಪಿಯರ್, ಅಂದರೆ 1,800 ವ್ಯಾಟ್. ಗೋಡೆಯೇ ಕೊಡದ ಶಕ್ತಿಯನ್ನು ಯಂತ್ರ ಕೊಡುವುದು ಹೇಗೆ? ಒಂದು ಕ್ಷಣ ಏರುವ ತುದಿಯನ್ನು ಅಳೆದು ಅದನ್ನೇ ಮುಖಕ್ಕೆ ಅಂಟಿಸುತ್ತಾರೆ.

ನಮ್ಮೂರಿನಲ್ಲಿ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ, ನಗರದವರು ಬರೆಯುವ ಮಿಕ್ಸಿ ವಿಮರ್ಶೆಗಳಲ್ಲಿ ಅದು ಕಾಣುವುದೇ ಇಲ್ಲ: ವೋಲ್ಟೇಜು. ಪೆಟ್ಟಿಗೆಯ ಮೇಲಿನ ಅಂಕಿ 230 ವೋಲ್ಟಿಗೆ ಹೇಳಿದ್ದು. ಸಾಲಿನ ಕೊನೆಯ ಮನೆಗಳಲ್ಲಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, ಅದು 180ಕ್ಕೆ ಇಳಿಯುವುದು ಅಪರೂಪವೇನಲ್ಲ. ವೋಲ್ಟೇಜು ಇಳಿದರೆ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಜೋರಾಗಿ ಇಳಿಯುತ್ತದೆ. ಸ್ಥೂಲವಾಗಿ ವರ್ಗದ ಲೆಕ್ಕ ಹಿಡಿದರೆ 180 ವೋಲ್ಟಿನಲ್ಲಿ ಸಿಗುವುದು 230ರಲ್ಲಿ ಸಿಗುವುದರ ಶೇಕಡಾ 60ರ ಆಸುಪಾಸು. ಆಗ ಗಟ್ಟಿ ಹಿಟ್ಟು ತುಂಬಿದ ಜಾರಿನಲ್ಲಿ ಬ್ಲೇಡು ನಿಂತುಹೋಗುತ್ತದೆ. ತಿರುಗುವ ಮೋಟಾರು ತನ್ನ ಸುತ್ತಾಟದಿಂದಲೇ ಒಳಬರುವ ಕರೆಂಟಿಗೆ ಒಂದು ಎದುರೊತ್ತಡ ಕೊಡುತ್ತಿರುತ್ತದೆ. ನಿಂತ ಮೋಟಾರಿನಲ್ಲಿ ಆ ತಡೆ ಇಲ್ಲ. ಕರೆಂಟು ನುಗ್ಗುತ್ತದೆ, ವೈಂಡಿಂಗು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಸುಟ್ಟ ಮಿಕ್ಸಿ ರಿಪೇರಿಗೆ ಬಂದಾಗ ಎಲ್ಲರೂ ಹೇಳುವುದು ‘ವ್ಯಾಟ್ ಸಾಲ್ದು’ ಎಂದು. ಮುಂದಿನ ಸಲ ಇನ್ನೂ ದೊಡ್ಡದು ತರುತ್ತಾರೆ. ದೊಡ್ಡದೂ ಅದೇ ಸಾಲಿನಿಂದ ಕರೆಂಟು ಎಳೆಯುವುದಲ್ಲವೇ? ಅಡುಗೆಮನೆಯ ಪ್ಲಗ್ಗಿಗೆ ಬರುವ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿಸಿ, ವೋಲ್ಟೇಜು ಚೆನ್ನಾಗಿರುವ ಹೊತ್ತಿನಲ್ಲಿ ಗಟ್ಟಿ ಕೆಲಸ ಮಾಡಿಕೊಳ್ಳುವುದು ಹೆಚ್ಚುವರಿ 250 ವ್ಯಾಟಿಗಿಂತ ಉಪಯೋಗದ ಕ್ರಮ.

ಮಿಕ್ಸಿಯ ಬಲ ನಿಜವಾಗಿ ಕಾಣುವುದು ಎಲ್ಲಿ ಎಂದರೆ ರಾಗಿಯಲ್ಲಿ. ರಾಗಿ ಕಾಳು ಸಾಸಿವೆಯಷ್ಟು ಸಣ್ಣದು, ಮೇಲಿನ ಸಿಪ್ಪೆ ಗಡುಸು. ರಾತ್ರಿಯೆಲ್ಲ ನೆನೆದರೂ ದುರ್ಬಲ ಯಂತ್ರದಲ್ಲಿ ತರಿ ಉಳಿಯುತ್ತದೆ. ಸೋಸಿದಾಗ ಅರ್ಧ ಕಾಳು ಬಟ್ಟೆಯಲ್ಲೇ ನಿಂತು ಹಸುವಿನ ಬಾನಿಗೆ ಹೋಗುತ್ತದೆ. ಒಳ್ಳೆಯ ಮಿಕ್ಸಿಯಲ್ಲಿ ಅದೇ ಹಿಡಿ ರಾಗಿಯಿಂದ ಬರುವ ಹಾಲು ಗಟ್ಟಿಯಾಗಿ, ಬಟ್ಟೆಯಲ್ಲಿ ಉಳಿಯುವುದು ಬರೀ ಹೊಟ್ಟು. ಈ ವ್ಯತ್ಯಾಸ ನಾಲಿಗೆಗೆ ಮಾತ್ರ ಸಂಬಂಧಿಸಿದ್ದಲ್ಲ. ರಾಗಿಯ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು 120ರ ಆಸುಪಾಸು. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಸಿಪ್ಪೆಯಲ್ಲಿರುವ ಫೈಟೇಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಕೂಸುಗಳಿಗೆ ರಾಗಿಸರಿ ಮಾಡುವಾಗ ನಮ್ಮ ಹೆಂಗಸರು ಮೊಳಕೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ರುಬ್ಬುವ ಕ್ರಮದಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಬಹಳ ಮಂದಿ ಇಲ್ಲಿ ಎಡವಿ ಯಂತ್ರವನ್ನು ಬೈಯುತ್ತಾರೆ. ನೆನೆದ ರಾಗಿಗೆ ಮೊದಲೇ ಲೋಟಗಟ್ಟಲೆ ನೀರು ಹುಯ್ದು ದೊಡ್ಡ ಜಾರಿನಲ್ಲಿ ತಿರುಗಿಸಿದರೆ ಕಾಳುಗಳು ನೀರಿನ ಸುಳಿಯಲ್ಲಿ ತೇಲಿಕೊಂಡು ಬ್ಲೇಡಿಗೆ ಸಿಗದೆ ಸುತ್ತುತ್ತವೆ. ಚಿಕ್ಕ ಜಾರಿಗೆ ಹಾಕಿ, ಮುಳುಗುವುದಕ್ಕೂ ಕಡಿಮೆ ನೀರಿನಲ್ಲಿ ಮಂದವಾಗಿ ರುಬ್ಬಬೇಕು. ಕಾಳಿಗೆ ಕಾಳು ಉಜ್ಜಿ ಒಡೆಯುತ್ತದೆ. ನುಣ್ಣಗಾದ ಮೇಲೆ ನೀರು ಸೇರಿಸಿ ಸಡಿಲಿಸಿ, ತೆಳು ಬಟ್ಟೆಯಲ್ಲಿ ಹಿಂಡಬೇಕು. ಬೆಲ್ಲ, ಏಲಕ್ಕಿ, ಬೇಕಿದ್ದರೆ ನಾಲ್ಕು ಚೂರು ಕಾಯಿ. ಒಲೆಯ ಮೇಲಿಟ್ಟು ಕೈಯಾಡಿಸಿದರೆ ಮಾಲ್ಟು. ಇನ್ನೂ ಗಟ್ಟಿಗೆ ಕಾಯಿಸಿ ತಟ್ಟೆಗೆ ಹುಯ್ದರೆ ಹಾಲುಬಾಯಿ. ಈ ಮಂದ ರುಬ್ಬುವಿಕೆಯಲ್ಲೇ ಮೋಟಾರಿನ ಯೋಗ್ಯತೆ ಗೊತ್ತಾಗುವುದು. 500 ವ್ಯಾಟಿನದು ಇಲ್ಲಿ ಏದುಸಿರು ಬಿಡುತ್ತದೆ. ಒಳ್ಳೆಯ 750ರದು ಸದ್ದು ಕುಗ್ಗಿಸಿಕೊಳ್ಳದೆ ಮುಗಿಸುತ್ತದೆ. ಮನೆಬಳಕೆಗೆ ಅದರಾಚೆ ಹೋಗಲು ನನಗೆ ಕಾರಣ ಕಂಡಿಲ್ಲ.

ಎಣ್ಣೆಕಾಳುಗಳೂ ಹಾಗೆಯೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಬಿತ್ತುವ ಸೀಮೆ ನಮ್ಮದು. ಹುಚ್ಚೆಳ್ಳು, ಕರಿಎಳ್ಳು, ಅಗಸೆ ಇವನ್ನು ಇಡಿಯಾಗಿ ತಿಂದರೆ ಬಹುಪಾಲು ಹಾಗೆಯೇ ಹೊಟ್ಟೆ ದಾಟಿ ಹೋಗುತ್ತವೆ. ಸಿಪ್ಪೆ ಒಡೆದರೆ ಮಾತ್ರ ಒಳಗಿನ ಎಣ್ಣೆ, ಸುಣ್ಣದಂಶ ಮೈಗೆ ಸಿಗುವುದು. ಹಲ್ಲು ಹೋದ ಹಿರಿಯರಿಗೆ ಯಂತ್ರ ಮಾಡಿಕೊಡುವ ಉಪಕಾರ ಇದು. ಕರಾವಳಿ, ಮಲೆನಾಡಿನಲ್ಲಿ ಎಳ್ಳು ಅರೆದು ಬೆಲ್ಲ ಹಾಕಿ ಕುಡಿಯುತ್ತಾರೆ. ನೆನೆದ ಹೆಸರುಕಾಳನ್ನೂ ಹಾಗೆಯೇ. ಸೊಪ್ಪಿನ ಪೇಯ ಎಂದು ಈಗ ಹಸಿರು ಸ್ಮೂದಿಯನ್ನು ಹೊಸದಾಗಿ ಕಂಡುಹಿಡಿದವರಂತೆ ಮಾರುತ್ತಾರಲ್ಲ, ಒಂದೆಲಗದ ತಂಬುಳಿ ಅದಕ್ಕಿಂತ ಪಕ್ವವಾದ ಅಡುಗೆ: ಸೊಪ್ಪನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸುವುದು. ಪಾಲಕ್ ಸೊಪ್ಪನ್ನು ಹಸಿಯಾಗಿ ಕಂತೆಗಟ್ಟಲೆ ಅರೆದು ದಿನವೂ ಕುಡಿಯುವವರು ಒಂದು ವಿಷಯ ತಿಳಿದಿರಬೇಕು. ಅದರಲ್ಲಿ ಆಕ್ಸಲೇಟ್ ಬಹಳ. ಹಸಿರು ಸ್ಮೂದಿಯ ಅತಿಯಿಂದ ಮೂತ್ರಪಿಂಡ ಕೆಟ್ಟ ಪ್ರಕರಣ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಮಜ್ಜಿಗೆಯ ಕ್ಯಾಲ್ಸಿಯಂ ಆ ಆಕ್ಸಲೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕಲು ನೆರವಾಗುತ್ತದೆ. ತಂಬುಳಿ ಮಾಡಿದವರಿಗೆ ಈ ರಸಾಯನಶಾಸ್ತ್ರ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅವರ ಜೋಡಣೆ ಸರಿಯಾಗಿತ್ತು.

ಆರೋಗ್ಯದ ವಾದಕ್ಕೆ ಬರೋಣ, ಯಾಕೆಂದರೆ ಹಣ್ಣಿನ ಸ್ಮೂದಿಯ ಪರವಾಗಿರುವವರ ಗಟ್ಟಿ ನೆಲೆ ಅದೇ. ಜ್ಯೂಸಿನಂತೆ ಸೋಸಿ ನಾರು ಬಿಸಾಡುವುದಿಲ್ಲ, ಇಡೀ ಹಣ್ಣೇ ಒಳಗೆ ಹೋಗುತ್ತದೆ, ಆದ್ದರಿಂದ ಸ್ಮೂದಿ ಎಂದರೆ ಹಣ್ಣು ತಿಂದಂತೆಯೇ ಎನ್ನುತ್ತಾರೆ. ನಾರು ಉಳಿಯುತ್ತದೆ, ನಿಜ; ಬ್ಲೇಡು ನಾರನ್ನು ಕತ್ತರಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆದರೆ ತಿಂದಂತೆಯೇ ಎನ್ನುವುದು ನಿಲ್ಲುವುದಿಲ್ಲ. 1977ರಲ್ಲಿ ಬ್ರಿಸ್ಟಲ್‌ನ ವೈದ್ಯರು ಹತ್ತು ಜನಕ್ಕೆ ಸೇಬನ್ನು ಇಡಿಯಾಗಿ, ಅರೆದು, ರಸ ಮಾಡಿ ಮೂರು ರೀತಿ ಕೊಟ್ಟು ನೋಡಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಹೊಟ್ಟೆ ತುಂಬಿದ ಭಾವ ಇಡೀ ಸೇಬಿಗೆ ಹೆಚ್ಚು, ಅರೆದದ್ದಕ್ಕೆ ಕಡಿಮೆ, ರಸಕ್ಕೆ ಇನ್ನೂ ಕಡಿಮೆ. ಅರೆದ ಸೇಬಿಗೂ ರಸಕ್ಕೂ ಇನ್ಸುಲಿನ್ ಹೆಚ್ಚು ಏರಿತ್ತು. ಮೂರು ಬಾಳೆಹಣ್ಣನ್ನು ಕೂತು ತಿನ್ನಲು ಯಾರಿಗಾದರೂ ಹೊತ್ತು ಹಿಡಿಯುತ್ತದೆ, ಎರಡಕ್ಕೇ ಸಾಕೆನಿಸುತ್ತದೆ. ಮೂರು ಬಾಳೆಹಣ್ಣು, ಒಂದು ಲೋಟ ಹಾಲು, ಎರಡು ಚಮಚ ಸಕ್ಕರೆಯ ಸ್ಮೂದಿ ನಿಂತಲ್ಲೇ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ಜ್ಯೂಸು, ಸ್ಮೂದಿ ಎರಡನ್ನೂ ಸೇರಿಸಿ ದಿನಕ್ಕೆ 150 ಮಿಲಿಲೀಟರ್ ದಾಟಬೇಡಿ ಎನ್ನುತ್ತದೆ. ಅದು ನಮ್ಮ ಸ್ಟೀಲ್ ಲೋಟದ ತುಂಬಕ್ಕೂ ಬಾರದು. ಶುಗರ್ ಇರುವ ಅವ್ವನಿಗೆ ಹಣ್ಣಿನ ಸ್ಮೂದಿಯನ್ನು ಔಷಧಿಯೆಂಬಂತೆ ಹೇಳುವ ಮಕ್ಕಳು ಈ ಅಂಕಿಯನ್ನು ನೋಡಬೇಕು. ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿದೆ. ಇದು ಹಗುರವಾಗಿ ಆಡುವ ಮಾತಲ್ಲ.

ನನ್ನ ವಾದಕ್ಕೆ ಎದುರು ನಿಲ್ಲುವ ಅಧ್ಯಯನವೂ ಒಂದಿದೆ, ಅದನ್ನು ಮುಚ್ಚಿಡಲಾರೆ. ಪ್ಲಿಮತ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಲವಾದ ಬ್ಲೆಂಡರಿನಲ್ಲಿ ಅರೆದ ಹಣ್ಣಿನ ಮಿಶ್ರಣದಿಂದ ರಕ್ತದ ಸಕ್ಕರೆ ಇಡೀ ಹಣ್ಣು ತಿಂದಾಗಿನದಕ್ಕಿಂತ ಕಡಿಮೆ ಏರಿತು. ಆದರೆ ಆ ಮಿಶ್ರಣದಲ್ಲಿ ರಾಸ್ಪ್‌ಬೆರಿ, ಪ್ಯಾಶನ್ ಹಣ್ಣಿನಂಥ ಬೀಜದ ಹಣ್ಣುಗಳೂ ಇದ್ದವು. ತಿನ್ನುವಾಗ ಇಡಿಯಾಗಿ ನುಂಗಿಹೋಗುವ ಬೀಜಗಳು ಬ್ಲೇಡಿಗೆ ಸಿಕ್ಕಿ ಒಡೆದು, ಅವುಗಳ ನಾರು, ಕೊಬ್ಬು ಹೊರಬಂದದ್ದೇ ಕಾರಣವಿರಬೇಕೆಂದು ಸಂಶೋಧಕರ ಊಹೆ. ಬಾಳೆಹಣ್ಣು, ಪರಂಗಿಯಲ್ಲಿ ಹಾಗೆ ಒಡೆಯಲು ಏನಿದೆ? ಯಂತ್ರ ಉಪಕಾರ ಮಾಡಿದ್ದು ಗಡುಸಾದ ಬೀಜ ಸಿಕ್ಕಲ್ಲಿ. ರಾಗಿ, ಎಳ್ಳು, ಅಗಸೆಯ ಬಗ್ಗೆ ನಾನು ಹೇಳುತ್ತಿರುವುದೂ ಅದನ್ನೇ. ಹಣ್ಣು ಬೇಡವೆನ್ನುವುದಿಲ್ಲ. ರಾಗಿ ಹುರಿಹಿಟ್ಟು ಎರಡು ಚಮಚ, ಒಂದು ಚಮಚ ಹುರಿದ ಎಳ್ಳು, ಅರ್ಧ ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಅಥವಾ ಹಾಲು. ಸಿಹಿಗೆ ಆ ಅರ್ಧ ಹಣ್ಣೇ ಸಾಕು. ಹೊಲದ ಕೆಲಸಕ್ಕೆ ಹೊರಡುವವರ ಹೊಟ್ಟೆಯಲ್ಲಿ ಇದು ನಿಲ್ಲುತ್ತದೆ.

ಎದುರು ಪಾಳಯದ ಹಳೆಯ ನಂಬಿಕೆಯನ್ನೂ ಬಿಡುವ ಹಾಗಿಲ್ಲ. ಮಿಕ್ಸಿಯ ಬಿಸಿಗೆ ಸತ್ವವೆಲ್ಲ ಸುಟ್ಟುಹೋಗುತ್ತದೆ, ಒರಳಿನಲ್ಲಿ ರುಬ್ಬಿದ್ದೇ ಆಹಾರ ಎನ್ನುವವರು ಇನ್ನೂ ಇದ್ದಾರೆ. ಲೆಕ್ಕ ಹಾಕಿ ನೋಡಿ. 750 ವ್ಯಾಟಿನ ಮಿಕ್ಸಿ ಒಂದು ನಿಮಿಷ ಪೂರ್ತಿ ಭಾರದಲ್ಲಿ ಓಡಿ, ಒಂದಿಷ್ಟೂ ಮೋಟಾರಿನಲ್ಲಿ ಸೋರದೆ ಎಲ್ಲ ಶಕ್ತಿಯೂ ಜಾರಿಗೇ ಇಳಿದರೂ ಒಂದು ಲೀಟರ್ ನೀರು 11 ಡಿಗ್ರಿಗಿಂತ ಹೆಚ್ಚು ಕಾಯಲಾರದು. ಕುದಿಸಿದ ಸಾರಿನ ಸತ್ವದ ಬಗ್ಗೆ ಎತ್ತದ ಆತಂಕವನ್ನು ಈ 11 ಡಿಗ್ರಿಗೆ ಎತ್ತುವುದು ಸರಿಯಲ್ಲ. ಇಡ್ಲಿಯ ಉದ್ದು ಒರಳಲ್ಲಿ, ಗ್ರೈಂಡರಿನಲ್ಲಿ ಚೆನ್ನಾಗಿ ಉಬ್ಬುತ್ತದೆ, ಅದನ್ನು ಒಪ್ಪುತ್ತೇನೆ. ನಿಧಾನವಾಗಿ ಗಾಳಿ ಸೇರುವ ಕೆಲಸ ಅದು. ಉಳಿದದ್ದಕ್ಕೆ ಒರಳನ್ನು ಹೊಗಳುವವರು ಆ ಗುಂಡುಕಲ್ಲು ತಿರುಗಿಸಿದ ತೋಳುಗಳನ್ನು ಮರೆತಿರುತ್ತಾರೆ. ಜುಲೈ, ಆಗಸ್ಟಿನಲ್ಲಿ ಈ ಸೀಮೆಯ ಹೆಣ್ಣುಮಕ್ಕಳು ಹಗಲೆಲ್ಲ ಹಸಿ ಹೊಗೆಸೊಪ್ಪು ಮುರಿದು, ಕಡ್ಡಿಗೆ ಪೋಣಿಸಿ, ರಾತ್ರಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಉರಿಯ ಮೇಲೆ ಕಣ್ಣಿಟ್ಟು ಕೂರುತ್ತಾರೆ. ಸೊಪ್ಪಿನ ಅಂಟು ಕೈಯಿಂದ ಹೋಗಿರುವುದಿಲ್ಲ. ಅವರಿಗೆ ಬೆಳಿಗ್ಗೆ ಇನ್ನೊಂದು ಗಂಟೆ ಒರಳ ಮುಂದೆ ಕೂರಲು ಹೇಳುವ ಆರೋಗ್ಯಶಾಸ್ತ್ರ ನನಗೆ ಬೇಡ. ಐದು ನಿಮಿಷದಲ್ಲಿ ರಾಗಿ ಹಾಲು ಕೊಡುವ ಯಂತ್ರ ಅವರ ಮೈಗೆ ಸಿಗುವ ವಿಶ್ರಾಂತಿ. ಕರೆಂಟಿನ ಮಾತೆತ್ತಿ ತಡೆಯುವುದೂ ಬೇಡ: 750 ವ್ಯಾಟಿನದನ್ನು ದಿನಕ್ಕೆ ಐದು ನಿಮಿಷ ಓಡಿಸಿದರೆ ತಿಂಗಳಿಗೆ 2 ಯೂನಿಟ್ಟೂ ಆಗುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿಯಲ್ಲಿ ಅದು ಲೆಕ್ಕಕ್ಕೇ ಬರದು.

ಯಂತ್ರವನ್ನು ತಮ್ಮದೇ ಪೇಯಕ್ಕೆ ಬಳಸಿಕೊಂಡವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಮೈಸೂರು-ಮಡಿಕೇರಿ ರಸ್ತೆಯಲ್ಲಿ ಕಂಪಲಾಪುರದಿಂದ ಪಿರಿಯಾಪಟ್ಟಣ ದಾಟಿ ಮುಂದೆ ಹೋದರೆ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರ ಬೆಣ್ಣೆ ಚಹಾ ಗಮನಿಸಬೇಕಾದ್ದು. ಚಹಾ ಕಷಾಯ, ಬೆಣ್ಣೆ, ಉಪ್ಪು ಹಾಕಿ ಎತ್ತರದ ಮರದ ಕೊಳವೆಯಲ್ಲಿ ಕಡೆಗೋಲಿನಿಂದ ಬಡಿದು ಬೆರೆಸುವುದು ಹಳೆಯ ಪದ್ಧತಿ. ವಲಸೆ ಬಂದ ನೆಲಗಳಲ್ಲಿ ಆ ಕೆಲಸವನ್ನು ಬಹಳ ಮನೆಗಳು ಮಿಕ್ಸಿಗೆ ವಹಿಸಿವೆ. ಬೆಣ್ಣೆ ಮೇಲೆ ತೇಲದೆ ಚಹಾದಲ್ಲಿ ಒಂದಾಗಬೇಕಾದರೆ ಬಲವಾದ ಬಡಿತ ಬೇಕು. ಯಂತ್ರ ಅದನ್ನು ಚೆನ್ನಾಗಿ ಮಾಡುತ್ತದೆ. ಆ ಚಹಾದಲ್ಲಿ ಅವರು ಕಲೆಸಿ ತಿನ್ನುವ ಹುರಿದ ಬಾರ್ಲಿ ಹಿಟ್ಟು ನಮ್ಮ ಹುರಿಹಿಟ್ಟಿನ ಹತ್ತಿರದ ನೆಂಟ. ಹೊಸ ಯಂತ್ರ ಬಂದಾಗ ತಮ್ಮ ಪೇಯ ಬಿಟ್ಟು ಯಂತ್ರದ ಜೊತೆ ಬಂದ ಪೇಯವನ್ನು ಅವರು ಹಿಡಿಯಲಿಲ್ಲ. ತಮ್ಮ ಚಹಾಕ್ಕೆ ಯಂತ್ರವನ್ನು ದುಡಿಸಿಕೊಂಡರು. ನಮ್ಮವರಿಂದಲೂ ನಾನು ಬಯಸುವುದು ಅಷ್ಟೇ.

ಯಂತ್ರದ ಜೊತೆ ಬಾಳುವ ವಿಷಯ ವ್ಯಾಟಿಗಿಂತ ದೊಡ್ಡದು. ದಿನಬಳಕೆಯಲ್ಲಿ ಮೊದಲು ಕೈಕೊಡುವುದು ಮೋಟಾರಲ್ಲ. ಜಾರಿನ ವಾಷರು, ತಳದ ಕಪ್ಲರು, ಬ್ಲೇಡಿನ ಬುಷ್ಷು. ಇವು ಹುಣಸೂರಿನ ಬಜಾರಿನಲ್ಲೋ ಪಿರಿಯಾಪಟ್ಟಣದಲ್ಲೋ ಸಿಗುವಂತಿರಬೇಕು. 40,000 ರೂಪಾಯಿಯ ವಿದೇಶಿ ಬ್ಲೆಂಡರಿನ ಒಂದು ರಬ್ಬರ್ ಬಿಲ್ಲೆಗಾಗಿ ಮೈಸೂರಿಗೋ ಬೆಂಗಳೂರಿಗೋ ಓಡಾಡುವುದಾದರೆ ಅದರ ಬಲ ಕಪಾಟಿನಲ್ಲೇ ಉಳಿಯುತ್ತದೆ. ತಳದ ಫಲಕದಲ್ಲಿ ಬರೆದ ಓಟದ ಮಿತಿಯನ್ನು ಓದಬೇಕು: ಮನೆಬಳಕೆಯ ಮಿಕ್ಸಿಗಳಿಗೆ ಸಾಮಾನ್ಯವಾಗಿ ಕೆಲವು ನಿಮಿಷ ಓಡಿಸಿ ಕೆಲವು ನಿಮಿಷ ಬಿಡಿ ಎಂದಿರುತ್ತದೆ. ಜ್ಯೂಸ್ ಅಂಗಡಿಗಳಲ್ಲಿ ಕಾಣುವ 900 ವ್ಯಾಟಿನ ಸುಜಾತ ಮಿಕ್ಸಿ ಬಿಡುವಿಲ್ಲದೆ ತಿರುಗುವುದು ವ್ಯಾಟಿನಿಂದಲ್ಲ, ಬಾಲ್ ಬೇರಿಂಗಿನಿಂದ, ತಂಪಾಗುವ ವ್ಯವಸ್ಥೆಯಿಂದ. ತೊಳೆಯುವ ಮಾತಂತೂ ಯಾವ ಜಾಹೀರಾತಿನಲ್ಲೂ ಬಾರದು. ಬ್ಲೇಡಿನ ಕೆಳಗೆ ರಾಗಿ, ಹಾಲು ಅಂಟಿ ಉಳಿದರೆ ಮರುದಿನ ಹುಳಿ ವಾಸನೆ. ಕೆಲಸ ಮುಗಿದ ತಕ್ಷಣ ನೀರು ಹಾಕಿ ಒಂದು ಸುತ್ತು ತಿರುಗಿಸಿ, ಜಾರನ್ನು ಬೋರಲು ಹಾಕಬೇಕು. ಬ್ಲೇಡು ಬಿಚ್ಚಲು ಬರುವ ಜಾರಾದರೆ ಇನ್ನೂ ಮೇಲು.

ಅಂಗಡಿಗಳಲ್ಲಿ ಯಂತ್ರ ಓಡಿಸಿ ತೋರಿಸುವಾಗ ನೀರೋ ಹಣ್ಣೋ ಹಾಕುತ್ತಾರೆ. ಅದರಲ್ಲಿ ಯಾವ ಯಂತ್ರವೂ ಸೋಲುವುದಿಲ್ಲ. ಕೊಳ್ಳಲು ಹೋಗುವವರು ರಾತ್ರಿಯೇ ಒಂದು ಹಿಡಿ ರಾಗಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಲಿ. ಚಿಕ್ಕ ಜಾರಿಗೆ ಹಾಕಿಸಿ, ನೀರು ಕಡಿಮೆ ಹಾಕಿಸಿ. ಸದ್ದು ಕುಗ್ಗುತ್ತದೆಯೇ ಕೇಳಿಸಿಕೊಳ್ಳಿ, ಮುಗಿದ ಮೇಲೆ ಯಂತ್ರದ ಮೈ ಮುಟ್ಟಿ ನೋಡಿ, ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ತರಿ ಇದೆಯೇ ನೋಡಿ. ಐಎಸ್‌ಐ ಗುರುತು, ಕಪ್ಲರಿನ ಬೆಲೆ, ಬಿಡಿ ಜಾರು ಸಿಗುವ ಜಾಗ, ರಿಪೇರಿ ಮಾಡುವವರ ಊರು, ಇವಿಷ್ಟನ್ನು ಬಿಲ್ಲಿಗೆ ಮೊದಲು ಕೇಳಿ. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಸ್ತ್ರೀಶಕ್ತಿ ಸಂಘದ ನಾಲ್ಕೈದು ಜನ ಸೇರಿ ಹೋದರೆ ಅಂಗಡಿಯವರು ಒಪ್ಪದೆ ಇರುವುದೂ ಕಷ್ಟ. ರಾಗಿ ನುಣ್ಣಗಾಗಲು ಹಿಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಪಕ್ಕದ ಅಂಗಡಿಯ ಯಂತ್ರಕ್ಕೆ ಹೋಲಿಸಲು ಬೇಕಾಗುತ್ತದೆ.